ತಾರೀಖಿನ ಪಕ್ಕದಲ್ಲೊಂದು ಚಂದಿರ

ನರೋಣಾದ ಶಾಲೆಯಲ್ಲಿ ವಿದ್ಯಾವತಿಯ ಮೇಲಿದ್ದ ದೂರು ಒಂದೇ: ಪಾಠ ನಡೆಯುವಾಗ ಅವಳು ಕಿಟಕಿಯಾಚೆ ನೋಡುತ್ತಾಳೆ. ಆಚೆ ಇದ್ದದ್ದಾದರೂ ಏನು? ಒಂದು ತೊಗರಿ ಹೊಲ, ಬದುವಿನ ಮೇಲೊಂದು ಬೇವಿನ ಗಿಡ, ಆಗೊಮ್ಮೆ ಈಗೊಮ್ಮೆ ಆಳಂದದ ಕಡೆ ಧೂಳೆಬ್ಬಿಸಿಕೊಂಡು ಹೋಗುವ ಬಸ್ಸು. ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ತಡವಾಗಿ. ದೂರ ಹೋದವಳು ಯಾರೋ ಕರೆದದ್ದು ಕೇಳಿ ತಿರುಗಿ ಬಂದ ಹಾಗೆ. ಹುಡುಗಿ ಮಂದ ಇರಬಹುದೆಂದು ಮಾಸ್ತರರು ತಾಯಿ ಕಸ್ತೂರಿಬಾಯಿಯನ್ನು ಕರೆಸಿ ಹೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು, "ಮಂದ ಅಲ್ರಿ ಮಾಸ್ತರ. ಆಕಿ ಕನಸು ಕಾಣಾಕತ್ತಾಳ. ಮುಗದ ಮ್ಯಾಲ ತಾನ ಬರ್ತಾಳ" ಎಂದಿದ್ದಳು.

ಆ ಕನಸು ಮುಗಿಯಲೇ ಇಲ್ಲ. ವಿದ್ಯಾವತಿ ಆಳಂದದಲ್ಲಿ ಕಂಪ್ಯೂಟರ್ ಪದವಿ ಓದಿದಳು, ಕಲಬುರಗಿಯ ಸಣ್ಣ ಕಂಪನಿಯೊಂದರಲ್ಲಿ ಕೆಲವು ವರ್ಷ ದುಡಿದಳು, ಮದುವೆಯಾಗಿ ಅಫಜಲಪುರಕ್ಕೆ ಬಂದಳು. ಎಲ್ಲವನ್ನೂ ಅರೆನಿದ್ದೆಯಲ್ಲಿದ್ದವಳ ಹಾಗೆ ಮಾಡಿದಳು, ಆದರೆ ಅಚ್ಚುಕಟ್ಟಾಗಿ. ಗಂಡ ಶಾಂತಕುಮಾರ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕಬ್ಬಿನ ಹಂಗಾಮಿನಲ್ಲಿ ಅವನು ಮನೆಗೆ ಬರುವಾಗ ಅವನಿಗಿಂತ ಮೊದಲು ಕಾಕಂಬಿಯ ವಾಸನೆ ಒಳಗೆ ಬರುತ್ತಿತ್ತು. ವಿದ್ಯಾವತಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕುಳಿತು ನಾಲ್ಕಾರು ಅಂಗಡಿ, ಟ್ಯೂಷನ್ ಕ್ಲಾಸುಗಳ ವೆಬ್‌ಸೈಟು ನೋಡಿಕೊಳ್ಳುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಒಂದು ಅಕ್ಷರ ಆಚೀಚೆಯಾದರೆ ತಿಳಿಯುತ್ತಿತ್ತು.

ಅವಳು ನೋಡಿಕೊಳ್ಳುತ್ತಿದ್ದವುಗಳಲ್ಲಿ ಮನಸ್ಸಿಗೆ ಹತ್ತಿರವಾದದ್ದು ಜಸ್ಮೀನಳ ರೊಟ್ಟಿ ಕೇಂದ್ರದ ವೆಬ್‌ಸೈಟು. ಜಸ್ಮೀನ ಕಾಲೇಜಿನಲ್ಲಿ ಅವಳ ಪಕ್ಕದಲ್ಲಿ ಕೂರುತ್ತಿದ್ದವಳು, ಮಾತಿನಲ್ಲೂ ನಡಿಗೆಯಲ್ಲೂ ದೌಡು. ಚೌಡಾಪುರದಲ್ಲಿ ರಸ್ತೆಯ ಬದಿಗೇ ತಗಡಿನ ಮಾಡಿನ ಕೆಳಗೆ ಹತ್ತಾರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಮಾಡಿಸುತ್ತಿದ್ದಳು. ಗಾಣಗಾಪುರಕ್ಕೆ ಹೋಗುವವರು ಅಲ್ಲೇ ಇಳಿದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಫಜಲಪುರ, ಜೇವರ್ಗಿಗಳಿಂದ ಫೋನಿನಲ್ಲೂ ವೆಬ್‌ಸೈಟಿನಲ್ಲೂ ಬೇಡಿಕೆ ಬರುತ್ತಿತ್ತು. ಗಿರಾಕಿಗಳಿಗೆ ಕಾಣುವುದು ರೊಟ್ಟಿಯ ಚಿತ್ರವಿರುವ ಪುಟ. ಅದರ ಹಿಂದೆ ಕೇಂದ್ರದವರಿಗೆ ಮಾತ್ರ ಕಾಣುವ ಇನ್ನೊಂದು ಪುಟ: ಯಾರಿಗೆ, ಎಷ್ಟು, ಯಾವತ್ತು. ಅದಕ್ಕೆ ಅವರು ಪ್ಯಾನೆಲ್ ಎನ್ನುತ್ತಿದ್ದರು. ಜಗತ್ತಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಂಡು ಬಳಸಬಹುದಾದಂಥ ಒಂದು ಪ್ಯಾನೆಲ್ಲನ್ನೇ ವಿದ್ಯಾವತಿ ಅಲ್ಲಿ ಕೂಡಿಸಿಕೊಟ್ಟಿದ್ದಳು.

ಫೋನು ಎತ್ತಿ ಬೇಡಿಕೆಯನ್ನು ಪ್ಯಾನೆಲ್ಲಿಗೆ ತುಂಬುವ ಕೆಲಸ ಸಾಬವ್ವನದು. ಎಳ್ಳಮಾವಾಸ್ಯೆಯ ಮುಂಚಿನ ವಾರ ಜೇವರ್ಗಿಯಿಂದ ಧರ್ಮಣ್ಣ ಎಂಬವರು ಫೋನು ಮಾಡಿ, ಹಬ್ಬಕ್ಕೆ ಹೊಲಕ್ಕೆ ಹೋಗುವವರಿದ್ದೇವೆ, ಮುಂಜಾನೆಯೇ ಸಜ್ಜಿ ರೊಟ್ಟಿ ಬೇಕು ಎಂದರು. ಅವರು ಹೇಳಿದ್ದು "ಎಳ್ಳಮಾಸಿಗಿ". ಪ್ಯಾನೆಲ್ ಕೇಳಿದ್ದು ತಾರೀಖು. ಸಾಬವ್ವ ಬೆರಳು ಮಡಿಚಿ ಎಣಿಸಿ ಒಂದು ತಾರೀಖು ಹಾಕಿದಳು. ಅದು ಅಮಾವಾಸ್ಯೆಯ ಮಾರನೇ ದಿನವಾಗಿತ್ತು. ಹಬ್ಬದ ದಿನ ಧರ್ಮಣ್ಣನವರ ಮನೆಯವರೆಲ್ಲ ಹೊಲದಲ್ಲಿ ಕುಳಿತು ದಾರಿ ನೋಡಿದರು. ಸೊಪ್ಪು ಕಾಳಿನ ಭಜ್ಜಿ ಇತ್ತು, ಕಡುಬು ಇತ್ತು, ಶೇಂಗಾ ಹಿಂಡಿ ಇತ್ತು, ರೊಟ್ಟಿ ಇರಲಿಲ್ಲ.

"ಬೈಲಿಲ್ಲ ನೋಡು ಅವ್ರು," ಎಂದು ಜಸ್ಮೀನ ವಿದ್ಯಾವತಿಗೆ ಹೇಳಿದಳು. "ಬೈದಿದ್ರ ಛಲೋ ಇತ್ತು. 'ಇರ್ಲಿ ಬಿಡವಾ, ಭಜ್ಜಿನ ತಿಂದು ಬಂದ್ವಿ' ಅಂದ್ರು. ಸಾಬವ್ವ ಎರಡು ದಿನ ಆತು, ಫೋನ್ ಮುಟ್ಟಾಕ ಅಂಜ್ತಾಳ."

"ಸಾಬವ್ವಂದೇನು ತಪ್ಪಿಲ್ಲ ಬೇ," ಎಂದಳು ವಿದ್ಯಾವತಿ. "ಮಂದಿ ಚಂದಿರನ ನೋಡಿ ಹೇಳ್ತಾರ, ಪ್ಯಾನೆಲ್ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ಕೇಳ್ತದ."

ಅವತ್ತು ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದವಳಿಗೆ ಪಡುವಣದಲ್ಲಿ ಎಳೆ ಚಂದಿರ ಕಂಡಿತು. ಬಟ್ಟೆ ತೋಳಿನ ಮೇಲೆ ಹಾಕಿಕೊಂಡು ನಿಂತವಳು ನಿಂತೇ ಇದ್ದಳು. ತಾರೀಖು ತುಂಬುವ ಜಾಗದಲ್ಲಿ, ಪ್ರತಿ ಅಂಕಿಯ ಪಕ್ಕ, ಆ ದಿನದ ಚಂದಿರನ ಪುಟ್ಟ ಆಕಾರ ಇದ್ದರೆ? ಸಾಬವ್ವ ಎಣಿಸಬೇಕಾಗಿಲ್ಲ. ಅಮಾವಾಸ್ಯೆ ಎಂದರೆ ಕಪ್ಪು ಬಿಲ್ಲೆಯ ಮೇಲೆ ಒತ್ತುವುದು, ಹುಣ್ಣಿಮೆ ಎಂದರೆ ಬಿಳಿ ಬಿಲ್ಲೆಯ ಮೇಲೆ.

ಮೊದಲ ಸಲ ಅವಳು ಮಾಡಿದ್ದು ಅವಸರದ ಕೆಲಸ. ಪ್ಯಾನೆಲ್ಲಿನ ಸ್ವಂತ ಫೈಲುಗಳನ್ನೇ ತೆರೆದು, ಪಂಚಾಂಗ ನೋಡಿ ಆ ತಿಂಗಳ ಮಟ್ಟಿಗೆ ತಾರೀಖಿನ ಜಾಗದಲ್ಲಿ ತನ್ನ ಸಾಲುಗಳನ್ನು ಸೇರಿಸಿದಳು. ಚಂದಿರ ಮೂಡಿತು. ಹೆಂಗಸರೆಲ್ಲ ಹಿಟ್ಟಿನ ಕೈ ಒರೆಸಿಕೊಂಡು ಬಂದು ನೋಡಿದರು. ಆಮೇಲೆ ಒಂದು ಮುಂಜಾನೆ ಪ್ಯಾನೆಲ್ಲೇ 'ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?' ಎಂದು ಕೇಳಿತು. ಜಸ್ಮೀನ ಹೌದು ಎಂದು ಒತ್ತಿದಳು. ಮರುಕ್ಷಣ ಫೋನು.

"ವಿದ್ಯಾ, ನಿನ್ನ ಚಂದಿರ ಎಲ್ಲಿ ಹೋದ ಬೇ?"

ಹೊಸ ಆವೃತ್ತಿ ಹಳೆಯ ಫೈಲುಗಳನ್ನು ಗುಡಿಸಿಹಾಕಿ ತನ್ನವನ್ನು ಇಟ್ಟುಕೊಂಡಿತ್ತು. ಅವುಗಳ ಜೊತೆ ಅವಳ ಸಾಲುಗಳೂ ಹೋಗಿದ್ದವು. ವಿದ್ಯಾವತಿ ಆ ದಿನ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಶಾಂತಕುಮಾರ ಆ ಅನ್ನವನ್ನು ಮಜ್ಜಿಗೆ ಸುರಿದುಕೊಂಡು ಉಣ್ಣುತ್ತ ಏನಾಯಿತೆಂದು ಕೇಳಿದ. ಅವಳು ಹೇಳಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧವನ್ನು ತನ್ನ ಕೆಲಸದ ಕಡೆಗೆ ತಿರುಗಿಸಿಕೊಂಡ.

"ನೀ ಮೇನ್ ಬೋರ್ಡ್‌ನ ಬಿಚ್ಚಿದ್ದಿ. ಅದನ್ನ ಬಿಚ್ಚಬಾರ್ದು. ಕಂಪನಿಯವ್ರು ಬೋರ್ಡ್ ಬದಲ ಮಾಡಿದ್ರ ನಿನ್ನ ವೈರೂ ಅದರ ಜತಿಗೆ ಹೋಗ್ತದ. ಬಾಜೂಕ ಒಂದು ಸಣ್ಣ ಬಾಕ್ಸ್ ಕೂಡ್ಸು, ಬೋರ್ಡಿನಾಗ ಪಾಯಿಂಟ್ ಬಿಟ್ಟಿರ್ತಾರ, ಅಲ್ಲಿಂದ ಲೈನ್ ತಗೊ."

ಪಾಯಿಂಟ್ ಬಿಟ್ಟಿದ್ದರು. ಪ್ಯಾನೆಲ್ ಮಾಡಿದವರು, ಬೇರೆಯವರು ತಮಗೆ ಬೇಕಾದದ್ದನ್ನು ಪಕ್ಕಕ್ಕೆ ಜೋಡಿಸಿಕೊಳ್ಳಲೆಂದೇ ದಾರಿ ಇಟ್ಟಿದ್ದರು. ಹಾಗೆ ಜೋಡಿಸುವ ತುಂಡಿಗೆ ಮಾಡ್ಯೂಲ್ ಎಂದು ಹೆಸರು. ಅದನ್ನು ಹೇಗೆ ಕಟ್ಟಬೇಕೆಂದು ವಿವರಿಸುವ ಪುಟಗಳು ಇಂಗ್ಲಿಷಿನಲ್ಲಿದ್ದವು, ಒಣಒಣ ಇಂಗ್ಲಿಷು. ವಿದ್ಯಾವತಿ ಅವನ್ನು ಆಳೆತ್ತರ ಬೆಳೆದ ಜೋಳದ ಹೊಲದೊಳಗೆ ನಡೆಯುವವಳ ಹಾಗೆ ಓದಿದಳು, ಕೈಯಿಂದ ಒಂದೊಂದೇ ದಂಟು ಸರಿಸುತ್ತ. ಮೊದಲು ಒಂದು ಖಾಲಿ ಫೋಲ್ಡರು. ಅದರೊಳಗೆ ಒಂದು ಚಿಕ್ಕ ಫೈಲು. ನಾನು ಇಂಥವನು, ನನಗೆ ತಾರೀಖಿನ ಜಾಗದಲ್ಲಿ ಕೆಲಸವಿದೆ, ಕರೆದಾಗ ಬರುತ್ತೇನೆ ಎಂದು ಪ್ಯಾನೆಲ್ಲಿಗೆ ಪರಿಚಯ ಹೇಳುವಂಥದ್ದು. ಮಾಡ್ಯೂಲಿಗೆ ಹೆಸರೇನು ಎಂದು ಕೇಳಿದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಚಂದಿರ' ಎಂದು ಬರೆದಳು, ಪಟ್ಟಿಯಲ್ಲಿ ಕಾಣುವ ಹೆಸರನ್ನು ಕನ್ನಡದಲ್ಲೇ ಕೊಟ್ಟಳು.

ಪ್ಯಾನೆಲ್ಲನ್ನು ಮತ್ತೆ ತೆರೆದಾಗ, ಮಾಡ್ಯೂಲುಗಳ ಸಾಲಿನ ಕೊನೆಯಲ್ಲಿ ಅವಳ ಚಂದಿರ ಇತ್ತು. ಪಕ್ಕದಲ್ಲಿ ಆರಿದ ಸ್ವಿಚ್ಚು. ಅವಳು ಅದನ್ನು ಕೂಡಲೇ ಹಾಕಲಿಲ್ಲ. ಎದ್ದು ಹೋಗಿ ಚಹಾ ಕಾಸಿಕೊಂಡು ಬಂದು, ಕುಡಿದು, ಆಮೇಲೆ ಹಾಕಿದಳು. ಪರದೆ ಪೂರಾ ಬೆಳ್ಳಗಾಯಿತು, ಒಂದು ಅಕ್ಷರವೂ ಇಲ್ಲದ ಬಿಳುಪು. ಎಲ್ಲಿಯೋ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅದನ್ನು ಹುಡುಕುವಷ್ಟರಲ್ಲಿ ಹೊರಗೆ ಮಧ್ಯಾಹ್ನ ಕಳೆದು ಓಣಿಯ ದನಗಳು ಮರಳಿ ಬಂದಿದ್ದವು. ಮತ್ತೆ ಸ್ವಿಚ್ಚು ಹಾಕಿದಾಗ ಎಡಗಡೆಯ ಪಟ್ಟಿಯಲ್ಲಿ, ಬೇಡಿಕೆ, ಗಿರಾಕಿ, ದಾಸ್ತಾನುಗಳ ಕೆಳಗೆ, 'ಚಂದಿರ' ಎಂದು ಕನ್ನಡದಲ್ಲಿ ಮೂಡಿತು. ಮುಟ್ಟಿದರೆ ತೆರೆಯಿತು. ಒಳಗೆ ಇನ್ನೂ ಏನೂ ಇರಲಿಲ್ಲ, ಬರಿದಾದ ಕೋಣೆ. ಅವಳಿಗೆ ಆ ಖಾಲಿ ಪುಟವನ್ನು ನೋಡುತ್ತಾ ಕುಳಿತಿರುವುದೇ ಹಿತವಾಗಿತ್ತು.

ಎಲ್ಲ ತಿಂಗಳಿಗೂ ಆಗುವ ಚಂದಿರನ ಲೆಕ್ಕ ಅಂತರ್ಜಾಲದಲ್ಲಿ ಸಿಕ್ಕಿತು. ಆಕಾಶ ನೋಡುವವರು ಬಹಳ ಹಿಂದೆಯೇ ಬರೆದಿಟ್ಟದ್ದು. ಅದನ್ನು ತಂದು ಜೋಡಿಸಿ, ಗೋಡೆಯ ಪಂಚಾಂಗದ ಪಕ್ಕ ಇಟ್ಟು ನೋಡಿದಾಗ ಕೆಲವು ಅಮಾವಾಸ್ಯೆ ಕೂಡುತ್ತಿದ್ದವು, ಕೆಲವು ಒಂದು ದಿನ ಹಿಂದೆ ಮುಂದೆ. ಲೆಕ್ಕ ತಪ್ಪಿರಲಿಲ್ಲ. ತಿಥಿ ಒಂದು ದಿನದ ಮಧ್ಯದಲ್ಲಿ ಶುರುವಾಗಿ ಮಾರನೇ ದಿನದ ಮಧ್ಯದಲ್ಲಿ ಮುಗಿಯುತ್ತಿತ್ತು. ಹಾಗಾದರೆ ಅದನ್ನು ಯಾವ ದಿನದ ಮೇಲೆ ಬರೆಯುವುದು?

ನರೋಣಾಕ್ಕೆ ಫೋನು ಮಾಡಿದಳು. ಕಸ್ತೂರಿಬಾಯಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಗದ್ದಲದಲ್ಲಿದ್ದಳು.

"ಅವ್ವ, ದಿನ ಯಾವಾಗ ಶುರು ಆಗ್ತದ?"

"ಇದೇನ್ ಕೇಳ್ತಿ? ಹೊತ್ತು ಹುಟ್ಟಿದಾಗ. ಎದ್ದಾಗ ಯಾವ ತಿಥಿ ಇರ್ತದೋ ಆ ದಿನಕ್ಕ ಅದ." ಆಮೇಲೆ ತುಸು ಅನುಮಾನದಿಂದ, "ಉಂಡಿಯಿಲ್ಲೊ?"

ಉಂಡಿರಲಿಲ್ಲ. ಪ್ಯಾನೆಲ್ಲಿನ ದಿನ ನಡುರಾತ್ರಿಗೆ ಶುರುವಾಗುತ್ತಿತ್ತು, ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ. ಅವ್ವನ ದಿನ ಸೂರ್ಯ ಮೂಡುವಾಗ. ವಿದ್ಯಾವತಿ ಚೌಡಾಪುರದ ಸೂರ್ಯೋದಯವನ್ನು ಮಾಡ್ಯೂಲಿಗೆ ಹೇಳಿಕೊಟ್ಟಳು; ಆ ಗಳಿಗೆಯಲ್ಲಿ ಯಾವ ತಿಥಿಯೋ ಅದೇ ಆ ದಿನದ್ದು. ಪಂಚಾಂಗವೂ ಪರದೆಯೂ ಬರೋಬ್ಬರಿ ಕೂಡಿದವು. ಭಾರತ ಹುಣ್ಣಿಮೆಯ ಮುನ್ನಾದಿನ ಗಾಣಗಾಪುರಕ್ಕೆ ಜನ ಹೊರಟಾಗ ಕೇಂದ್ರದಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿದ್ದವು, ಯಾರ ರೊಟ್ಟಿಯೂ ದಾರಿ ತಪ್ಪಲಿಲ್ಲ. ಪ್ಯಾನೆಲ್ಲಿಗೆ ಮತ್ತೊಮ್ಮೆ ಹೊಸ ಆವೃತ್ತಿ ಬಂತು. ಜಸ್ಮೀನ ಉಸಿರು ಹಿಡಿದು ಒತ್ತಿದಳು. ಚಂದಿರ ಇದ್ದಲ್ಲೇ ಇತ್ತು.

ರಂಜಾನ್ ಹತ್ತಿರ ಬಂತು. ಕೇಂದ್ರದಲ್ಲಿ ರೊಟ್ಟಿ ಬಡಿಯುವವರಲ್ಲಿ ಅರ್ಧ ಮಂದಿ ಉಪವಾಸ ಹಿಡಿಯುವವರು. ಹಬ್ಬದ ದಿನ ಕೇಂದ್ರಕ್ಕೆ ರಜೆ. ಆ ದಿನ ಬಿದ್ದ ಬೇಡಿಕೆಗಳನ್ನು ಮುಂದಕ್ಕೆ ಹಾಕಬೇಕು. ವಿದ್ಯಾವತಿ ಅದನ್ನೂ ಮಾಡ್ಯೂಲಿಗೆ ಸೇರಿಸಿ, ಬಸ್ಸು ಹತ್ತಿ ಚೌಡಾಪುರಕ್ಕೆ ಬಂದು, ಲ್ಯಾಪ್‌ಟಾಪನ್ನು ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿಟ್ಟು ಜಸ್ಮೀನಳಿಗೆ ತೋರಿಸುತ್ತಿದ್ದಳು. ಜಸ್ಮೀನಳ ತಂದೆ ಪೀರಸಾಬ ಅಲ್ಲೇ ಚಾಪೆಯ ಮೇಲೆ ಕುಳಿತು ರೊಟ್ಟಿ ಜೋಡಿಸಿ ಕಟ್ಟುತ್ತಿದ್ದರು. ಜೇವರ್ಗಿಯಲ್ಲಿ ಬಹಳ ವರ್ಷ ದರ್ಜಿ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಮಗಳ ಹತ್ತಿರ ಬಂದವರು. ಆ ವರ್ಷ ಕಣ್ಣಿನ ಆಪರೇಷನ್ ಆಗಿತ್ತು. ಕಂಡದ್ದನ್ನೆಲ್ಲ ಎರಡೆರಡು ಸಲ ನೋಡುತ್ತಿದ್ದರು.

"ಈದ್ ಯಾವತ್ತಂತ ಅದ, ಬೇಟಿ, ಇದರಾಗ?" ಎಂದು ಕೇಳಿದರು.

ವಿದ್ಯಾವತಿ ತಾರೀಖು ತೋರಿಸಿದಳು. ಅವರು ಪರದೆಯ ಮೇಲಿನ ಎಳೆ ಚಂದಿರನನ್ನು ಬಹಳ ಹೊತ್ತು ನೋಡಿದರು.

"ಭಾಳ ಛಂದ ತೆಗದೀ. ಆದ್ರ ಇದು ಹುಟ್ಟಿದ ಲೆಕ್ಕ. ಹುಟ್ಟೋದು ಬ್ಯಾರೆ, ಕಾಣೋದು ಬ್ಯಾರೆ. ಕಾಣೋತನ ನಮಗ ತಿಂಗಳಾ ಮುಗಿಯಂಗಿಲ್ಲ."

"ಹಂಗಾದ್ರ ಮದ್ಲ ಹೆಂಗ ಹೇಳ್ಲಿ ಚಾಚಾ? ಗಿರಾಕಿಗೆ ತಾರೀಖ ಬೇಕಲ್ರಿ."

"ಹೇಳಾಕ ಬರಂಗಿಲ್ಲ. ಹೊತ್ತು ಮುಣಗತದ, ಮ್ಯಾಲ ಹೋಗಿ ನೋಡ್ತೀವಿ. ಕಂಡ್ರ ಅಲ್ಲಿಂದನ ನಮ್ಮ ದಿನ ಶುರು, ಮುಂಜಾನಿತನ ಕಾಯಂಗಿಲ್ಲ. ಕಾಣ್ಲಿಲ್ಲ, ಇನ್ನೊಂದು ರೋಜಾ ಹಿಡೀತೀವಿ."

ಅವರು ಮತ್ತೆ ರೊಟ್ಟಿ ಕಟ್ಟತೊಡಗಿದರು. ವಿದ್ಯಾವತಿ ಅಫಜಲಪುರದ ಬಸ್ಸಿನಲ್ಲಿ ತಲೆಯನ್ನು ಗಾಜಿಗೆ ಆನಿಸಿ ಕುಳಿತಳು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಎದುರಾಗುತ್ತಿದ್ದವು. ನಡುರಾತ್ರಿಗೆ ಒಂದು ದಿನ, ಸೂರ್ಯ ಮೂಡುವಾಗ ಒಂದು ದಿನ, ಮುಳುಗಿದ ಮೇಲೆ ಒಂದು ದಿನ. ಒಂದೇ ತಗಡಿನ ಕೆಳಗೆ ಅಕ್ಕಪಕ್ಕ ಕುಳಿತು ರೊಟ್ಟಿ ಬಡಿಯುವವರು ಬೇರೆ ಬೇರೆ ಹೊತ್ತಿಗೆ ದಿನದೊಳಗೆ ಕಾಲಿಡುತ್ತಿದ್ದರು, ಯಾರಿಗೂ ಅದರಿಂದ ತೊಡಕಾಗುತ್ತಿರಲಿಲ್ಲ. ಅವಳು ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ತಿರುಗಿ ನಡೆದುಕೊಂಡು ಬಂದಳು.

ಅಲ್ಲಿಯವರೆಗೆ ಮಾಡ್ಯೂಲು ಎಲ್ಲವನ್ನೂ ತಾನೇ ಲೆಕ್ಕಹಾಕಿ ತುಂಬುತ್ತಿತ್ತು. ಈಗ ಅದಕ್ಕೆ ಕಾಯುವುದನ್ನು ಕಲಿಸಬೇಕಿತ್ತು. ಹಬ್ಬವಾಗಬಹುದಾದ ಎರಡು ತಾರೀಖುಗಳನ್ನು ಪರದೆಯ ಮೇಲೆ ಮಸುಕಾಗಿ ತೋರಿಸಿದಳು, ಎರಡರ ಮೇಲೂ 'ನೋಡಬೇಕು' ಎಂದು ಬರೆದಳು. ಆ ದಿನಗಳಿಗೆ ಬೇಡಿಕೆ ಕೊಡುವವರಿಗೆ, ಒಂದು ದಿನ ಹೆಚ್ಚುಕಡಿಮೆ ಆಗಬಹುದೆಂದು ಮೊದಲೇ ತಿಳಿಸುವ ಸಾಲು ಹಾಕಿದಳು. ಮತ್ತೆ ಒಂದು ಗುಂಡಿ: 'ಚಂದಿರ ಕಂಡಿತು'. ಅದನ್ನು ಯಾರಾದರೂ ಒತ್ತುವವರೆಗೆ ಮಾಡ್ಯೂಲು ಸುಮ್ಮನಿರಬೇಕು. ಒತ್ತಿದರೆ ಮಾರನೇ ದಿನದ ರೊಟ್ಟಿಗಳೆಲ್ಲ ಅದರ ಮಾರನೇ ದಿನಕ್ಕೆ ಸರಿದು, ಗಿರಾಕಿಗಳ ಫೋನಿಗೆ ಸಂದೇಶ ಹೋಗಬೇಕು. ಸಂದೇಶದ ಮಾತನ್ನು ಸಾಬವ್ವನೇ ಹೇಳಿ ಬರೆಸಿದಳು: "ನಾಳೆ ನಮ್ಮಲ್ಲಿ ಹಬ್ಬ ಅದರಿ. ನಿಮ್ಮ ರೊಟ್ಟಿ ನಾಡದು ಬರ್ತಾವ, ತಪ್ಪಂಗಿಲ್ಲ."

ಮೊದಲ ಮಸುಕು ತಾರೀಖಿನ ಮುನ್ನಾದಿನದ ಸಂಜೆ ವಿದ್ಯಾವತಿ ಚೌಡಾಪುರದಲ್ಲಿದ್ದಳು. ಶಾಂತಕುಮಾರನೂ ಮೋಟಾರ್ ಸೈಕಲಿನ ಮೇಲೆ ಬಂದಿದ್ದ. ಹಗಲೆಲ್ಲ ಬಿಸಿಲಿದ್ದು, ಸಂಜೆಗೆ ಪಡುವಣದಲ್ಲಿ ಮೋಡ ಕಟ್ಟಿಕೊಂಡಿತ್ತು. ರೋಜಾ ಬಿಟ್ಟು, ಖರ್ಜೂರ ತಿಂದು, ನಮಾಜು ಮುಗಿಸಿ ಎಲ್ಲರೂ ಪಕ್ಕದ ಮನೆಯ ಮಾಳಿಗೆ ಹತ್ತಿದರು. ಸಾಬವ್ವನೂ ಹತ್ತಿದಳು. ಪೀರಸಾಬ ಮುಂದೆ ನಿಂತಿದ್ದರು, ಹಣೆಯ ಮೇಲೆ ಅಂಗೈ ಇಟ್ಟುಕೊಂಡು.

ಮೋಡದ ಅಂಚು ಕುಂಕುಮದ ಬಣ್ಣಕ್ಕೆ ತಿರುಗಿ ಆಮೇಲೆ ಬೂದಿಯಾಯಿತು. ಕೆಳಗೆ ಒಲೆಗಳು ಆರಿದ್ದವು. ವಿದ್ಯಾವತಿಯ ಕೈಯಲ್ಲಿ ಫೋನು ಇತ್ತು, ಫೋನಿನಲ್ಲಿ ಪ್ಯಾನೆಲ್ಲು, ಅದರಲ್ಲಿ ಆ ಗುಂಡಿ. ಅದನ್ನು ಬರೆದವಳು ತಾನೇ ಎಂಬುದು ಅವಳಿಗೆ ಮರೆತೇಹೋಗಿತ್ತು.

"ಮೋಡ ಬಿಡಂಗ ಕಾಣಂಗಿಲ್ಲ, ಅಬ್ಬಾ," ಎಂದಳು ಜಸ್ಮೀನ.

"ತಡಿ ಜರಾ."

ಮೋಡದ ನಡುವೆ ಒಂದು ಸೀಳು ಬಿಟ್ಟಿತು, ನೀರಿನ ಬಣ್ಣದ್ದು. ಪೀರಸಾಬರ ಕೈ ಹಣೆಯಿಂದ ಇಳಿಯಿತು. ಪಕ್ಕದಲ್ಲಿದ್ದ ವಿದ್ಯಾವತಿಯ ಗದ್ದವನ್ನು ಎರಡು ಬೆರಳಿನಿಂದ ಹಿಡಿದು ನಿಧಾನಕ್ಕೆ ತಿರುಗಿಸಿದರು, ಹೊಲಿಗೆಯಲ್ಲಿ ಬಟ್ಟೆ ತಿರುಗಿಸುವ ಹಾಗೆ. ಮೊದಲು ಅವಳಿಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಪರದೆಯ ಮೇಲೆ ಅವಳು ಬಿಡಿಸಿದ್ದಕ್ಕಿಂತ ಬಹಳ ತೆಳುವಾಗಿತ್ತು, ಉಗುರಿನಿಂದ ಗೀರಿದಷ್ಟು. ನೋಡುತ್ತಿದ್ದಂತೆ ಮೋಡ ಮುಚ್ಚಿತು.

"ಒತ್ರಿ ಚಾಚಾ," ಎಂದು ಅವಳು ಫೋನು ಮುಂದೆ ಹಿಡಿದಳು.

"ನಾ ಒಬ್ಬಾವ ಕಂಡ್ರ ಸಾಲಂಗಿಲ್ಲ. ಮಸೀದಿಯವ್ರು ಹೇಳ್ಲಿ."

ಕಾದರು. ಜೇವರ್ಗಿಯಿಂದ ಪೀರಸಾಬರ ತಮ್ಮ ಫೋನು ಮಾಡಿ, ಅಲ್ಲಿ ಮೋಡವಿಲ್ಲದ ಆಕಾಶ, ಬಹಳ ಜನ ಕಂಡಿದ್ದಾರೆ ಎಂದ. ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕು ಗರಗರ ಎಂದು, ನಾಳೆ ಈದ್ ಎಂದು ಸಾರಿತು. ಆಗ ಪೀರಸಾಬ ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದರು. ಎರಡು ಮಸುಕು ತಾರೀಖುಗಳಲ್ಲಿ ಒಂದು ಅಳಿಸಿಹೋಯಿತು, ಇನ್ನೊಂದು ತಿಳಿಯಾಯಿತು. ಎಷ್ಟೋ ಊರುಗಳಲ್ಲಿ ಎಷ್ಟೋ ಫೋನುಗಳು ಒಮ್ಮೆಗೇ ಸಣ್ಣಗೆ ಸದ್ದು ಮಾಡಿರಬೇಕು. ಮೊದಲು ಉತ್ತರ ಬಂದದ್ದು ಜೇವರ್ಗಿಯ ಧರ್ಮಣ್ಣನವರಿಂದ: ಹಬ್ಬ ಮಾಡ್ರಿ, ರೊಟ್ಟಿ ನಾಡದು ತಿಂತೇವಿ ಎಂದು. ಸಾಬವ್ವ ಫೋನನ್ನು ಇಸಿದುಕೊಂಡು ತಾನೇ ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ಮಾಳಿಗೆ ಇಳಿದು ಹೋಗಿ, ಯಾರೂ ಹೇಳದಿದ್ದರೂ ಶಾವಿಗೆಗೆ ಹಾಲು ಕಾಯಿಸಲು ನಿಂತಳು.

ಹಬ್ಬ ಕಳೆದ ಮೇಲೆ ಜಸ್ಮೀನ, "ಇದನ್ನ ನಾವಷ್ಟ ಇಟ್ಕೊಂಡು ಏನ್ ಮಾಡೋದು?" ಎಂದಳು. ಪ್ಯಾನೆಲ್ ಬಳಸುವವರು ತಾವು ಕಟ್ಟಿದ ಮಾಡ್ಯೂಲುಗಳನ್ನು ಇತರರಿಗೂ ಸಿಗುವಂತೆ ಇಡುವ ಜಾಗವೊಂದಿತ್ತು. ವಿದ್ಯಾವತಿ ಚಂದಿರವನ್ನು ಅಲ್ಲಿಟ್ಟಳು. ಹೇಗೆ ಕೂಡಿಸುವುದು, ಗುಂಡಿಯನ್ನು ಯಾವಾಗ ಒತ್ತುವುದು ಎಂದು ಕನ್ನಡದಲ್ಲಿ ಬರೆದಳು, ಕೆಳಗೆ ತನ್ನ ಒಣಒಣ ಇಂಗ್ಲಿಷಿನಲ್ಲೂ ಬರೆದಳು. ಇಟ್ಟದ್ದನ್ನು ಮರೆತಳು.

ಬೇಸಿಗೆ ಏರಿತು. ಕಾರ್ಖಾನೆಯ ಹಂಗಾಮು ಮುಗಿದು ಶಾಂತಕುಮಾರ ಸಂಜೆಗೆ ಮುಂಚೆಯೇ ಮನೆಗೆ ಬರತೊಡಗಿದ. ಒಂದು ದಿನ ಅವನು ಉಣ್ಣಲು ಕುಳಿತಿದ್ದಾಗ ಅವಳು ಒಳಗಿನಿಂದ ಬಂದು ಎದುರಿಗೆ ನಿಂತಳು. ಕಾರವಾರದ ಕಡೆಯಿಂದ ಒಬ್ಬ ಹೆಂಗಸು ಬರೆದಿದ್ದಳು. ಒಣಮೀನಿನ ವ್ಯಾಪಾರ, ಅದೇ ಪ್ಯಾನೆಲ್ಲು. ಚಂದಿರವನ್ನು ಹಾಕಿಕೊಂಡಿದ್ದಾಳಂತೆ, ಚೆನ್ನಾಗಿದೆಯಂತೆ. ದೋಣಿ ಹೋಗುವುದು ಬರುವುದು ಸಮುದ್ರದ ಉಬ್ಬರ ಇಳಿತ ನೋಡಿಕೊಂಡು. ಅದನ್ನೂ ಅದರಲ್ಲಿ ಕೂಡಿಸಲು ಆಗುತ್ತದೆಯೇ ಎಂದು ಕೇಳಿದ್ದಳು.

"ಆಗ್ತದೇನು?" ಎಂದ ಶಾಂತಕುಮಾರ.

"ಆಗಬಹುದ್ರಿ. ಆದ್ರ ನಾ ಸಮುದ್ರ ನೋಡೇ ಇಲ್ಲ." ಅವಳು ಗೋಡೆಗೆ ಒರಗಿದಳು. "ನೀವು ನೋಡೀರಲ್ಲ, ಗೋವಾದಾಗ. ಹೆಂಗಿರ್ತದ?"

ಅವನು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಹೀಗೆ ಯಾರೂ ಅವನನ್ನು ಕೇಳಿರಲಿಲ್ಲ.

"ಬರ್ತದ, ಹೋಗ್ತದ. ದಂಡಿಗಿ ನಿಂತ್ರ ಪಾದದ ಮ್ಯಾಲ ಬಂದು ವಾಪಸ್ ಹೋಗ್ತದ. ಹೋಗುವಾಗ ಕಾಲ ಬುಡಕಿನ ಉಸುಕ ಸರಿಸಿಕೊಂಡು ಹೋಗ್ತದ. ನಾವ ನಡದು ಹೊಂಟಂಗ ಅನಸ್ತದ ನೋಡು. ನಿಂತಲ್ಲೇ ಇರ್ತೀವಿ."

ವಿದ್ಯಾವತಿ ಚಪ್ಪಲಿಯಿಲ್ಲದ ಕಾಲುಗಳನ್ನು ಜೋಡಿಸಿ ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ನಿಂತಳು. ಕಣ್ಣು ಮುಚ್ಚಿದಳು. ಶಾಂತಕುಮಾರ ಅವಳನ್ನು ನೋಡಿ, ತಾನೇ ಬಗ್ಗಿ ಪಲ್ಯದ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡ.